ವೈದ್ಯಾಚಾರ್ಯ ಉಗ್ರಾದಿತ್ಯರು

ಜೈನ ವೈದ್ಯಪರಂಪರೆಯಲ್ಲಿ ಉಗ್ರಾದಿತ್ಯಾಚಾರ್ಯರ ಸ್ಥಾನ ಹಿರಿದಾದುದು. ಕ್ರಿ.ಶ. 9ನೆಯ ಶತಮಾನದ ಇವರು ಶ್ರೀನಂದಿ ಆಚಾರ್ಯರ ಶಿಷ್ಯರು. ರಾಮಗಿರಿಯ ಜಿನಾಲಯದಲ್ಲಿದ್ದು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದರು. ಸಮಂತಭದ್ರ, ಪೂಜ್ಯಪಾದ, ಪಾತ್ರಸ್ವಾಮಿ ಮೊದಲಾದ ಪೂರ್ವಾಚಾರ್ಯರ ವೈದ್ಯಕೃತಿಗಳನ್ನು ಅದರಲ್ಲಿ ವಿನಯದಿಂದ ಸ್ಮರಿಸಿದರು.

ಆಚಾರ್ಯರು ಸ್ವಾಸ್ಥ್ಯವನ್ನು ಎರಡು ಬಗೆಯಾಗಿ ಕಂಡರು. ಕರ್ಮಕ್ಷಯದಿಂದ ಆತ್ಮನಿಗೊದಗುವ ಅನಂತಸುಖವೇ ಪಾರಮಾರ್ಥಿಕ ಸ್ವಾಸ್ಥ್ಯ. ಅಗ್ನಿ, ಧಾತುಗಳು ಸಮವಾಗಿದ್ದು ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರುವುದು ವ್ಯವಹಾರ ಸ್ವಾಸ್ಥ್ಯ. ಮನಸ್ಸು ಕಲಕಿದ್ದರೆ ದೇಹಬಲವೊಂದೇ ಆರೋಗ್ಯವೆನಿಸದು.

ಸ್ನೇಹನ, ಸ್ವೇದನಗಳಿಂದ ದೇಹವನ್ನು ಅಣಿಗೊಳಿಸಿ ವಮನ, ವಿರೇಚನ, ಬಸ್ತಿ, ನಸ್ಯಗಳಿಂದ ದೋಷಗಳನ್ನು ಹೊರಹಾಕುವ ಶೋಧನಕ್ರಮವನ್ನು ಅವರು ವಿವರಿಸಿದರು. ಆದರೆ ಔಷಧದ ಹೆಸರಿನಲ್ಲಿಯೂ ಮದ್ಯ, ಮಾಂಸ, ಮಧುಗಳನ್ನು ಒಪ್ಪಲಿಲ್ಲ. ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ವೈದ್ಯವಿದ್ವಾಂಸರ ಮುಂದೆ ಮಾಂಸಸೇವನೆಯ ನಿಷ್ಫಲತೆಯನ್ನು ಪ್ರತಿಪಾದಿಸಿದರು. ಗ್ರಂಥದ ಕೊನೆಯ ಹಿತಾಹಿತಾಧ್ಯಾಯ ಇದೇ ವಿಷಯದ್ದು. ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ ಇದು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.

ದೀರ್ಘಕಾಲದ ಚಿಂತೆ, ಉದ್ವೇಗ, ನಿದ್ರಾನಾಶಗಳಿಂದ ಬಳಲಿ ಪಂಚಕರ್ಮವನ್ನು ಯೋಚಿಸುವ ಶ್ರಾವಕ-ಶ್ರಾವಿಕೆಯರಿಗೆ ಈ ಜೀವನವು ದಾರಿ ತೋರುತ್ತದೆ. ಔಷಧದಲ್ಲಿ ಏನಿದೆಯೆಂದು ವೈದ್ಯರನ್ನು ಮೊದಲೇ ಕೇಳಿ ತಿಳಿಯಬೇಕು. ಶೋಧನದಿಂದ ಬಲ ಕುಂದುವುದರಿಂದ ಅಷ್ಟಾಹ್ನಿಕ, ದಶಲಕ್ಷಣ ಪರ್ವಗಳ ಉಪವಾಸದೊಡನೆ ಅದನ್ನು ಬೆರೆಸಬಾರದು. ವೃದ್ಧರೂ ಗರ್ಭಿಣಿಯರೂ ಕೃಶರೂ ಅದಕ್ಕೆ ತಾವಾಗಿ ಕೈಹಾಕಬಾರದು. ಮನೋವ್ಯಾಧಿಗೆ ವೈದ್ಯರು ಕೊಟ್ಟ ಮದ್ದನ್ನು ಅವರನ್ನು ಕೇಳದೆ ನಿಲ್ಲಿಸಬಾರದು. ಶೋಧನವು ದೇಹಕ್ಕೆ ಸಂಬಂಧಿಸಿದುದು. ಕ್ರೋಧ, ಮಾನ, ಮಾಯಾ, ಲೋಭಗಳನ್ನು ಕಳೆಯುವುದಕ್ಕೆ ಸಂಯಮ, ಸ್ವಾಧ್ಯಾಯ, ಸಾಮಾಯಿಕಗಳೇ ಬೇಕು. ವ್ರತಪಾಲನೆಗೆ ದೇಹಾರೋಗ್ಯವು ಸಾಧನ ಮಾತ್ರವೆಂಬುದನ್ನು ಆಚಾರ್ಯರ ಕೃತಿ ನೆನಪಿಸುತ್ತದೆ.