ಲೆಕ್ಕಕ್ಕೆ ಬಾರದ ಎರಡು ಔನ್ಸ್

ಎನ್ವಿರಾನ್ಮೆಂಟಲ್ ಇಂಜಿನಿಯರಿಂಗ್ ಓದುವ ನಮಗೆ, ಗಿಡಗಳಿಂದ ಕೊಳಚೆ ನೀರು ಶುದ್ಧ ಮಾಡುವ ಪಾಠ ಬಂದಾಗಲೆಲ್ಲ ಒಬ್ಬರು ನೆನಪಾಗುತ್ತಾರೆ: ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್. 'ಗ್ಯಾಸ್' ಅನ್ನುವ ಪದ ಕೊಟ್ಟವರು ಇವರೇ.

ಹುಟ್ಟಿದ್ದು 1580ರ ಸುಮಾರಿಗೆ, ಬ್ರಸೆಲ್ಸ್‌ನಲ್ಲಿ. ಲೂವೆನ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದರೂ, ಕಲಿತದ್ದು ಏನೂ ಇಲ್ಲ ಅನ್ನಿಸಿ ಮೊದಲ ಪದವಿಯನ್ನೇ ಬೇಡ ಅಂದರು. 1599ರಲ್ಲಿ ವೈದ್ಯಕೀಯ ಪದವಿ ಪಡೆದರು. ಮದುವೆಯಾದ ಮೇಲೆ ಬ್ರಸೆಲ್ಸ್ ಪಕ್ಕದ ವಿಲ್ವೋರ್ಡೆಯಲ್ಲಿ ನೆಲೆಸಿ ಪ್ರಯೋಗಗಳಲ್ಲಿ ಮುಳುಗಿದರು.

ಅವುಗಳಲ್ಲಿ ಒಂದು ಐದು ವರ್ಷ ನಡೆಯಿತು. ಒಣಗಿಸಿದ 200 ಪೌಂಡ್ ಮಣ್ಣನ್ನು ಕುಂಡಕ್ಕೆ ತುಂಬಿ, 5 ಪೌಂಡಿನ ವಿಲ್ಲೋ ಗಿಡ ನೆಟ್ಟರು. ಕ್ರಿಕೆಟ್ ಬ್ಯಾಟ್ ಮಾಡ್ತಾರಲ್ಲ, ಅದೇ ಕುಲದ ಮರ. ಧೂಳು ಬೀಳದಂತೆ ತೂತಿನ ಮುಚ್ಚಳ ಹಾಕಿ, ಮಳೆ ನೀರು ಅಥವಾ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಿದರು. ಕೊನೆಗೆ ಮರ ತೂಗಿದ್ದು 169 ಪೌಂಡಿಗೂ ಸ್ವಲ್ಪ ಹೆಚ್ಚು. ಮಣ್ಣು ಕಮ್ಮಿಯಾಗಿದ್ದು ಬರೀ ಎರಡು ಔನ್ಸ್. ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತು ಅಂತ ಅವರು ತೀರ್ಮಾನಿಸಿದರು.

ಬದುಕು ಸುಲಭವಿರಲಿಲ್ಲ. ಗಾಯದ ಚಿಕಿತ್ಸೆ ಬಗ್ಗೆ 1621ರಲ್ಲಿ ಬಂದ ಅವರ ಬರಹ ಚರ್ಚಿನ ಕೋಪಕ್ಕೆ ಗುರಿಯಾಯಿತು. 1634ರಲ್ಲಿ ಬಂಧನ, ಆಮೇಲೆ ಗೃಹಬಂಧನ. 1644ರಲ್ಲಿ ತೀರಿಕೊಂಡರು. ವಿಲ್ಲೋ ಪ್ರಯೋಗದ ವಿವರ ಇರುವ ಗ್ರಂಥವನ್ನು ಮಗ 1648ರಲ್ಲಿ ಪ್ರಕಟಿಸಿದ.

ಮರದ ಒಣ ತೂಕ ಹೆಚ್ಚಾಗಿ ಗಾಳಿಯ ಇಂಗಾಲದ್ದು ಅಂತ ಈಗ ಗೊತ್ತು. ಆದರೆ ನಮ್ಮ ವಿಷಯ ಇರುವುದು ಆ ಎರಡು ಔನ್ಸಿನಲ್ಲಿ. ಬೇರು ಮಣ್ಣಿನಿಂದ ಎಳೆದುಕೊಳ್ಳುವ ರಂಜಕ, ಪೊಟ್ಯಾಶಿಯಂ, ಲೋಹಗಳ ತೂಕ ಅಷ್ಟು ಚಿಕ್ಕದೇ. ನೀರು ನಿಂತ ಕೆಸರಲ್ಲಿ ಆಮ್ಲಜನಕ ಇರಲ್ಲ. ಜೊಂಡಿನಂಥ ಗಿಡಗಳು ಕಾಂಡದೊಳಗಿನ ಟೊಳ್ಳಿನಿಂದ ಗಾಳಿಯನ್ನು ಬೇರಿಗೆ ಇಳಿಸುತ್ತವೆ. ಬೇರಿನಿಂದ ಸೋರಿದ ಆಮ್ಲಜನಕಕ್ಕೆ ಕೆಸರಿನ ಕಬ್ಬಿಣ ತುಕ್ಕಾಗಿ ಬೇರಿಗೆ ಮೆತ್ತಿಕೊಳ್ಳುತ್ತೆ. ಸೀಸ, ಆರ್ಸೆನಿಕ್ ಒಂದಿಷ್ಟು ಅಲ್ಲೇ ಅಂಟುತ್ತವೆ. ಕ್ಯಾಡ್ಮಿಯಂ ಮಾತ್ರ, ಗಿಡಕ್ಕೆ ಬೇಕಾದ ಸತುವಿನ ದಾರಿಯಲ್ಲೇ ಒಳಗೆ ನುಸುಳಿ, ವಿಲ್ಲೋದಲ್ಲಿ ಎಲೆಯವರೆಗೂ ಏರುತ್ತೆ. ಫಾನ್ ಹೆಲ್ಮಾಂಟರ ನಾಡಾದ ಈಗಿನ ಬೆಲ್ಜಿಯಂನಲ್ಲೇ, ಸತು ಕಾರ್ಖಾನೆಗಳು ಕೆಡಿಸಿದ ಕೆಂಪೆನ್ ಪ್ರದೇಶದ ನೆಲದಲ್ಲಿ ವಿಲ್ಲೋ ನೆಟ್ಟು ಪರೀಕ್ಷಿಸಿದ್ದಾರೆ.

ಎಲೆ ಉದುರುವ ಮೊದಲೇ ಕೊಯ್ದು ಸಾಗಿಸದಿದ್ದರೆ ಕ್ಯಾಡ್ಮಿಯಂ ಮತ್ತೆ ಮಣ್ಣಿಗೇ ಸೇರುತ್ತೆ. ನಾಲ್ಕು ಶರತ್ಕಾಲಗಳಲ್ಲಿ ಉದುರಿದ ಎಲೆಗಳನ್ನು ಫಾನ್ ಹೆಲ್ಮಾಂಟ್ ತೂಗಿರಲಿಲ್ಲ. ಆದರೆ ತೂಗಿಲ್ಲ ಅನ್ನೋದನ್ನು ಬರೆದಿಟ್ಟರು. ತಮ್ಮ ತೀರ್ಮಾನಕ್ಕೆ ಹೊಂದದ ಎರಡು ಔನ್ಸನ್ನೂ ಬರೆದಿಟ್ಟರು. ಅದಕ್ಕೇ ಸುಮಾರು ನಾನೂರು ವರ್ಷದ ಮೇಲೂ ನಾವು ಅವರ ಲೆಕ್ಕ ತಿದ್ದಬಹುದು. ನಮ್ಮ ಥೀಸಿಸ್‌ಗಳಲ್ಲೂ ಹೊಂದದ ರೀಡಿಂಗ್‌ಗಳನ್ನು ಅಳಿಸದೆ ಉಳಿಸೋಣ.