ಮಂಗಳೂರಿನ ಅಕ್ಕಿ, ಮಸ್ಕತ್ತಿನ ಕೋಠಿ

ಟಿಪ್ಪು ಸುಲ್ತಾನ್ ಶಹೀದರ ಹೆಸರೆತ್ತಿದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಖಡ್ಗ ಮತ್ತು ಹುಲಿ. ಅಕ್ಕಿಯ ಮೂಟೆ, ಕರಿಮೆಣಸು, ರೇಷ್ಮೆ ಹುಳುಗಳು ನೆನಪಾಗುವುದು ವಿರಳ. ನಮ್ಮ ಮಕ್ಕಳ ಪಾಠದ ಪುಸ್ತಕದಲ್ಲಿಯೂ ಅಷ್ಟೇ. ಆದರೆ ಆ ದೊರೆಯ ಬದುಕಿನ ಬಹುಪಾಲು ಚಿಂತೆ ಕಳೆದದ್ದು ಇವುಗಳಲ್ಲೇ.

1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಅವರು 1782ರಲ್ಲಿ ತಂದೆ ಹೈದರ್ ಅಲಿಯವರ ನಿಧನಾನಂತರ ಅಧಿಕಾರಕ್ಕೆ ಬಂದರು. ತಕ್ಕಡಿ ಹಿಡಿದು ಬಂದ ಕಂಪೆನಿ ಕೊನೆಗೆ ಕೋಟೆಗಳನ್ನೇ ಹಿಡಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಡಲಾಚೆಯ ವ್ಯಾಪಾರ ಪರರ ಕೈಯಲ್ಲಿದ್ದರೆ ರಾಜ್ಯ ಉಳಿಯದೆಂಬುದು ಅವರಿಗೆ ಮನವರಿಕೆಯಾಗಿತ್ತು.

ಅವರು ಮೊದಲು ಕೈಚಾಚಿದ್ದು ಒಮಾನಿನತ್ತ. ಕಲ್ಲುಗುಡ್ಡಗಳ ಆ ನಾಡಿಗೆ ಅನ್ನ ಬೇಕಿತ್ತು; ಕನ್ನಡ ಕರಾವಳಿಯಲ್ಲಿ ಅಕ್ಕಿ ಹೇರಳವಾಗಿತ್ತು. ಮೈಸೂರಿಗೆ ಕುದುರೆ ಬೇಕಿತ್ತು, ಮದ್ದಿಗೆ ಗಂಧಕ ಬೇಕಿತ್ತು. ಅವು ಮಸ್ಕತ್ತಿನ ಪೇಟೆಯಲ್ಲಿ ಸಿಗುತ್ತಿದ್ದವು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಲ್ಲ ಸ್ನೇಹ ಇದಕ್ಕಿಂತ ಬೇರೆ ಯಾವುದಿದೆ ಹೇಳಿ? ಸುಲ್ತಾನರು ಮಸ್ಕತ್ತಿನಲ್ಲಿ ಒಂದು ಕೋಠಿ, ಅಂದರೆ ಸರ್ಕಾರಿ ವ್ಯಾಪಾರ ಕೇಂದ್ರ ತೆರೆದರು. ಅದರ ಹೊಣೆ ಮೀರ್ ಕಾಝಿಮ್ ಎಂಬವರದ್ದು. ದಲ್ಲಾಳಿಯಾಗಿದ್ದವರು ಅಲ್ಲೇ ನೆಲೆಸಿದ್ದ ಹಿಂದೂ ವರ್ತಕ ಮಾವೋ ಸೇಠ್. ಈ ಹೆಸರನ್ನು ನೀವು ಗಮನಿಸಬೇಕು. ನಂಬಿಕೆಗೆ ಅರ್ಹನಾದವನನ್ನು ಹುಡುಕುವಾಗ ಸುಲ್ತಾನರು ಅವನ ಧರ್ಮ ಕೇಳಲಿಲ್ಲ. ಶ್ರೀಗಂಧ, ಕರಿಮೆಣಸು, ಏಲಕ್ಕಿ, ಅಕ್ಕಿ ಇಲ್ಲಿಂದ ಹೋದವು. ಅಲ್ಲಿಂದ ಕೇವಲ ಸರಕನ್ನಲ್ಲ, ವಿದ್ಯೆಯನ್ನೂ ಅವರು ಬಯಸಿದರು. ಕೊಲ್ಲಿಯ ಕಿಶ್ಮ್ ದ್ವೀಪದಿಂದ ರೇಷ್ಮೆ ಹುಳುಗಳನ್ನೂ ಅವುಗಳನ್ನು ಸಾಕಬಲ್ಲವರನ್ನೂ ಕಳುಹಿಸುವಂತೆ ಪತ್ರ ಬರೆದರು. ಮುತ್ತು ತೆಗೆಯುವ ಮುಳುಗುಗಾರರನ್ನು ಕೂಡ ಕೇಳಿದರು.

ದೊಡ್ಡ ದರ್ಬಾರುಗಳ ಕಥೆಯೇ ಬೇರೆ. 1786ರಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳು ತುರ್ಕಿಯ ಖಲೀಫರ ಬಳಿಗೆ ಹೊರಟವು. ನಾಯಕರು ಗುಲಾಮ್ ಅಲಿ ಖಾನ್. ಜೊತೆಯಲ್ಲಿ ನೂರಾರು ಜನ. ಬಸ್ರಾ ಬಂದರನ್ನು ಇಜಾರಕ್ಕೆ ಕೊಡಿ, ಬದಲಿಗೆ ಮಂಗಳೂರಿನಲ್ಲಿ ನಿಮಗೆ ಅದೇ ಸೌಲಭ್ಯ ಎಂಬುದು ಸುಲ್ತಾನರ ಕೋರಿಕೆ. ಪ್ರತಿನಿಧಿಗಳು ಇಸ್ತಂಬೂಲ್ ತಲುಪಿದ್ದು 1787ರಲ್ಲಿ. ಆ ಹೊತ್ತಿಗೆ ತುರ್ಕಿಗೆ ರಷ್ಯಾದೊಡನೆ ಯುದ್ಧ ಆರಂಭವಾಗಿತ್ತು; ಇಂಗ್ಲಿಷರನ್ನು ಕೆಣಕುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಗೌರವ ಸಿಕ್ಕಿತು, ಬಂದರು ಸಿಗಲಿಲ್ಲ. ಹಡಗುಗಳು ನಷ್ಟವಾದವು, ರೋಗರುಜಿನಗಳಿಗೆ ತುತ್ತಾದವರು ಅಸಂಖ್ಯ. ಹಜ್ಜ್ ಮುಗಿಸಿಕೊಂಡು 1789ರಲ್ಲಿ ಮರಳಿದವರು ಕೆಲವೇ ಮಂದಿ. ಫ್ರಾನ್ಸಿಗೆ ಹೋದ ಇನ್ನೊಂದು ನಿಯೋಗವನ್ನು 1788ರಲ್ಲಿ ಹದಿನಾರನೇ ಲೂಯಿ ವೈಭವದಿಂದ ಬರಮಾಡಿಕೊಂಡ. ಅಲ್ಲೂ ಸೈನ್ಯದ ನೆರವು ದೊರೆಯಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದೂರದ ಇಸ್ತಂಬೂಲಿಗೆ ಸ್ನೇಹಹಸ್ತ ಚಾಚಿದ ಸುಲ್ತಾನರಿಗೆ ಪಕ್ಕದ ಹೈದರಾಬಾದ್ ಮತ್ತು ಪುಣೆಯೊಡನೆ ಬಾಳುವ ಮೈತ್ರಿ ಕುದುರಲಿಲ್ಲ. ತಪ್ಪು ಒಬ್ಬರದೇ ಅಲ್ಲ. ನಿಜಾಮರೂ ಮರಾಠರೂ 1790ರಲ್ಲಿ ಇಂಗ್ಲಿಷರ ಜೊತೆ ಸೇರಿದರು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. ಮೆಣಸಿನ ಮಲಬಾರ್ ಕೈತಪ್ಪಿದ್ದು ವ್ಯಾಪಾರದ ಬೆನ್ನೆಲುಬಿಗೇ ಬಿದ್ದ ಏಟು. ಆದರೂ ಅವರು ಕೈಚೆಲ್ಲಿ ಕೂರಲಿಲ್ಲ. 1793-94ರಲ್ಲಿ ವ್ಯಾಪಾರ ಇಲಾಖೆಗೆ ಹೊಸ ನಿಯಮಾವಳಿ ಬರೆಸಿ, ಪ್ರಜೆಗಳೂ ಅದರಲ್ಲಿ ಹಣ ಹೂಡಲು ಅವಕಾಶವಿತ್ತರು. ಸಣ್ಣ ಮೊತ್ತ ಇಟ್ಟವನಿಗೆ ಲಾಭದ ದರ ಹೆಚ್ಚು, ಶ್ರೀಮಂತನಿಗೆ ಕಡಿಮೆ!

1798ರ ಅಕ್ಟೋಬರಿನಲ್ಲಿ ಮಸ್ಕತ್ ಕೂಡ ಕಂಪೆನಿಯೊಡನೆ ಕರಾರಿಗೆ ಸಹಿ ಹಾಕಿತು. ಮರುವರ್ಷದ ಜನವರಿಯಲ್ಲಿ ತುರ್ಕಿಯ ಸುಲ್ತಾನ್ ಮೂರನೇ ಸಲೀಮರ ಪತ್ರ ಶ್ರೀರಂಗಪಟ್ಟಣಕ್ಕೆ ಬಂತು. ತಂದುಕೊಟ್ಟದ್ದು ಯಾರು ಬಲ್ಲಿರಾ? ಇಂಗ್ಲಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿ. ಫ್ರೆಂಚರ ಸಹವಾಸ ಬಿಡಿರೆಂಬುದೇ ಅದರ ಸಾರ. 1799ರ ಮೇ 4ರಂದು ಕೋಟೆಯ ಬಾಗಿಲಲ್ಲಿ ಸುಲ್ತಾನರು ಹುತಾತ್ಮರಾದರು.

ಕರಾವಳಿ ಕಂಪೆನಿಯ ಪಾಲಾಯಿತು. 1801ರಲ್ಲಿ ಮಂಗಳೂರಿಗೆ ಬಂದ ಬುಕನನ್, ಅಲ್ಲಿಂದ ಹೊರಡುವ ಮುಖ್ಯ ಸರಕು ಅಕ್ಕಿ ಎಂದೂ, ಅದು ಮಸ್ಕತ್ತಿಗೆ ಹೋಗುತ್ತದೆಂದೂ ಬರೆದಿಟ್ಟಿದ್ದಾನೆ.