ದೊಡ್ಡಸ್ವಾಮಿಯವರು: ಅಬ್ಬೆ ದ್ಯುಬುವಾ



ಇನ್ನೊಬ್ಬರ ವಿಶ್ವಾಸ ನಿಜವೋ ಅಲ್ಲವೋ ಎಂದು ಹೊರಗಿನಿಂದ ನೋಡಿ ತಿಳಿಯಬಹುದೇ? ತತ್ವಶಾಸ್ತ್ರದ ಈ ಹಳೆಯ ಪ್ರಶ್ನೆ ನಮ್ಮ ಯುವಜನರ ಕೂಟದಲ್ಲೂ ಆಗಾಗ ಏಳುತ್ತದೆ. ನಿಮ್ಮ ಹಿರಿಯರು ಅಕ್ಕಿಗಾಗಿ ಮತ ಬದಲಿಸಿದವರು ಎಂಬ ಮಾತನ್ನು ಕೇಳಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ. ಈ ಪ್ರಶ್ನೆಯ ಜೊತೆಗೇ ಮೂವತ್ತು ವರ್ಷ ಬಾಳಿದ ಗುರುಗಳೊಬ್ಬರಿದ್ದರು. ಹೆಸರು ಜಾನ್ ಆಂಟನಿ ದ್ಯುಬುವಾ. ಮೈಸೂರು ಸೀಮೆಯ ಜನ ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು.

ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದವರು. 1792ರಲ್ಲಿ, ಅಲ್ಲಿ ಕ್ರಾಂತಿಯ ಗಲಾಟೆ ನಡೆಯುತ್ತಿದ್ದಾಗ, ಗುರುದೀಕ್ಷೆ ಪಡೆದು ಪ್ಯಾರಿಸ್ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಬಂದರು. ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು. ನಮ್ಮವರಂತೆಯೇ ಉಡುಪು ಧರಿಸಿದರು, ಮಾಂಸ ಬಿಟ್ಟರು, ಜನರ ಮಾತು ಕಲಿತರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅಲ್ಲಿಯವರೆಗೆ ನಮ್ಮ ತಾಳಮಲೆಯೂ ಮೈಸೂರಿನ ಆಳ್ವಿಕೆಯಲ್ಲೇ ಇತ್ತು. ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಬಲವಂತಕ್ಕೆ ಮತ ಬಿಟ್ಟಿದ್ದ ಕ್ರೈಸ್ತರು ಮರಳಿ ಬರಲು ಬಯಸಿದಾಗ ಅವರನ್ನು ಕೂಡಿಸಲು ದ್ಯುಬುವಾ ಮೈಸೂರಿಗೆ ಹೋದರು. ಕತ್ತಿಗೆ ಹೆದರಿ ತುಟಿಯಲ್ಲಿ ವಿಶ್ವಾಸ ಬಿಟ್ಟವನು ಮನಸ್ಸಿನಲ್ಲೂ ಬಿಟ್ಟನೇ? ಅಳೆಯಲು ತಕ್ಕಡಿ ಇಲ್ಲ. ದ್ಯುಬುವಾ ಅವರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಂಡರು. ಗಂಜಾಮಿನ ಹಳೆಯ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟರು.

ವಿಜ್ಞಾನ ಓದಿದ ನನಗೆ ಹೆಚ್ಚು ಹಿಡಿಸಿದ್ದು ಸಿಡುಬಿನ ಕೆಲಸ. ಜೆನ್ನರ್ ಗೋಸಿಡುಬಿನ ಲಸಿಕೆ ಕಂಡುಹಿಡಿದದ್ದು 1796ರಲ್ಲಿ. ಅದು ಭಾರತ ತಲುಪಿದ್ದು 1802ರಲ್ಲಿ. ಹಳಬರು ದಾಕು ಹಾಕುವುದು ಎನ್ನುತ್ತಿದ್ದರಲ್ಲ, ಅದೇ. 1803-04ರಲ್ಲೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಸುಮಾರು 25,000 ಜನರಿಗೆ ಅದನ್ನು ಹಾಕಿಸಿದರು. ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ಊರುಗಳಲ್ಲಿ ತೋಳು ಚಾಚಿಸುವುದು ಸುಲಭದ ಮಾತಲ್ಲ. ಜನ ನಂಬಿದ್ದು ಲಸಿಕೆಗಿಂತ ಸ್ವಾಮಿಯವರನ್ನು ಎಂದು ನನಗನ್ನಿಸುತ್ತದೆ.

ಲೋಕಕ್ಕೆ ಅವರ ಹೆಸರು ತಿಳಿದದ್ದು ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ದೊಡ್ಡ ಗ್ರಂಥದಿಂದ. ಮದ್ರಾಸಿನ ಗವರ್ನರ್ ಬೆಂಟಿಂಕ್ 1807ರಲ್ಲಿ ಅದರ ಹಸ್ತಪ್ರತಿಯನ್ನು ಕಂಪನಿಗಾಗಿ 2,000 ಪಗೋಡಗಳಿಗೆ ಕೊಂಡರು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆದರೆ ಅದರ ಬಹಳಷ್ಟು ಭಾಗ ಅವರ ಸ್ವಂತದ್ದಲ್ಲ. ಪುದುಚೇರಿಯ ಕಡೆ ಸೇವೆ ಮಾಡಿ 1779ರಲ್ಲಿ ತೀರಿಕೊಂಡ ಯೇಸುಸಭೆಯ ಗುರು ಕೆರ್ದೂ ಬರೆದದ್ದರಿಂದ ತೆಗೆದುಕೊಂಡದ್ದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ಪ್ರಕಟಿಸಿ ತೋರಿಸಿದರು. ಸತ್ತವರ ದುಡಿಮೆಗೆ ಹೆಸರು ಕೊಡದೆ ಹೋದದ್ದು ತಪ್ಪು. ನಮ್ಮ ಗುರುಗಳೆಂದು ಅದನ್ನು ಮುಚ್ಚಿಡುವುದು ಸರಿಯಲ್ಲ. ಊರೂರು ಅಲೆದು ತಾವೇ ಕಂಡದ್ದನ್ನೂ ಅದರಲ್ಲಿ ಬರೆದರು, ನಿಜ. ಆದರೂ ಕೆರ್ದೂ ಅವರ ಸಾಲ ತೀರಲಿಲ್ಲ.

1823ರಲ್ಲಿ ಅವರು ಭಾರತ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಹಿಂದೂಗಳು ಕ್ರೈಸ್ತರಾಗುವ ಕಾಲ ಮುಗಿಯಿತು ಎಂಬುದು ಅವರ ತೀರ್ಮಾನ. ಇಪ್ಪತ್ತೈದು ವರ್ಷಗಳಲ್ಲಿ ತಾವು ದೀಕ್ಷಾಸ್ನಾನ ಕೊಟ್ಟು ಹೊಸದಾಗಿ ಸೇರಿಸಿಕೊಂಡವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ಲಾಭದ ಆಸೆಯಿಲ್ಲದೆ ಬಂದವರನ್ನು ಕಾಣಲಿಲ್ಲ ಎಂದು ಬರೆದರು. ಮರುವರ್ಷವೇ ಜೇಮ್ಸ್ ಹೌ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ಇದಕ್ಕೆ ಉತ್ತರವಾಗಿ ಪುಸ್ತಕ ಬರೆದರು.

ಇಲ್ಲಿ ನನಗೆ ದೊಡ್ಡಸ್ವಾಮಿಯವರ ಮಾತು ಒಪ್ಪಿಗೆಯಿಲ್ಲ. ಬಲವಂತಕ್ಕೆ ಮತ ಬಿಟ್ಟವನ ಒಳಮನಸ್ಸನ್ನು ಅಳೆಯದೆ ಮರಳಿ ಸೇರಿಸಿಕೊಂಡವರು, ಹಸಿವಿನಿಂದ ಬಾಗಿಲು ತಟ್ಟಿದವನ ಮನಸ್ಸನ್ನು ಅಳೆದುಬಿಟ್ಟರು. ಹಸಿವು ಮತ್ತು ವಿಶ್ವಾಸ ಒಬ್ಬನಲ್ಲೇ ಒಟ್ಟಿಗೆ ಇರಬಾರದೇ? ಮೊದಲು ಅನ್ನಕ್ಕೆ ಬಂದು ಆಮೇಲೆ ಪ್ರಾರ್ಥನೆಗೆ ಉಳಿದವನನ್ನು ಯಾವ ಪಟ್ಟಿಗೆ ಸೇರಿಸುವುದು? ಆದರೂ ಬರಿಯ ಸಂಖ್ಯೆ ತೋರಿಸಿ ಹೆಮ್ಮೆಪಡದೆ ತಮ್ಮ ಸಂದೇಹವನ್ನು ಬಹಿರಂಗವಾಗಿ ಹೇಳಿಕೊಂಡ ಧೈರ್ಯ ದೊಡ್ಡದು.

ಪ್ಯಾರಿಸ್ಸಿನಲ್ಲಿ ಅವರು ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿಯೂ ಇದ್ದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ಮತ್ತೆ ಇತ್ತ ಬರಲಿಲ್ಲ. 1848ರ ಫೆಬ್ರವರಿ 17ರಂದು ತೀರಿಕೊಂಡರು. ಸಾತಳ್ಳಿಯಲ್ಲಿ ಇಂದಿಗೂ ಕಥೋಲಿಕ ಧರ್ಮಕೇಂದ್ರವಿದೆ.